ಅಪ್ಪನ ಲೆಕ್ಕ, ಮಗನ ತಂತ್ರಾಂಶ

ಬಿ.ಕಾಂ. ಓದುವ ಮಕ್ಕಳಿರುವ ಮನೆಯಲ್ಲಿ ‘ಟ್ಯಾಲಿ’ ಎಂಬ ಹೆಸರು ಕೇಳದವರು ಅಪರೂಪ. ಪರೀಕ್ಷೆ ಮುಗಿದೊಡನೆ ‘ಟ್ಯಾಲಿ ಕ್ಲಾಸಿಗೆ ಸೇರಿಕೋ, ಎಲ್ಲಾದರೂ ಕೆಲಸ ಸಿಕ್ಕೀತು’ ಎನ್ನುವ ಹಿರಿಯರು ಊರೂರಲ್ಲೂ ಇದ್ದಾರೆ. ಆದರೆ ಈ ತಂತ್ರಾಂಶ ಬೆಳೆದದ್ದು ಬೆಂಗಳೂರಿನಲ್ಲೇ, ಅದೂ ಹೊರಗಿನ ಬಂಡವಾಳಗಾರರ ನೆರವಿಲ್ಲದೆ ಎಂಬ ಸಂಗತಿ ಅದನ್ನು ಕಲಿಯುವವರಿಗೂ ಅಷ್ಟಾಗಿ ತಿಳಿದಿಲ್ಲ.

ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾವಸ್ತು ಮತ್ತು ಯಂತ್ರಗಳ ಬಿಡಿಭಾಗ ಒದಗಿಸುತ್ತಿದ್ದ ವ್ಯಾಪಾರಿ. ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ತಂತ್ರಾಂಶ ಎಲ್ಲೂ ಸಿಗದಿದ್ದಾಗ, ಗಣಿತದ ಪದವೀಧರನಾಗಿದ್ದ ಮಗ ಭರತ್‌ಗೆ ಅದನ್ನು ಬರೆದುಕೊಡುವಂತೆ ಹೇಳಿದರು. 1986ರಲ್ಲಿ ತಂದೆ-ಮಗ ಸೇರಿ ‘ಪ್ಯೂಟ್ರಾನಿಕ್ಸ್’ ಕಂಪನಿ ಆರಂಭಿಸಿದರು. ಎಂಎಸ್-ಡಾಸ್‌ನಲ್ಲಿ ಓಡುತ್ತಿದ್ದ ಮೊದಲ ಆವೃತ್ತಿಯ ಹೆಸರು ‘ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್’. ಇಷ್ಟುದ್ದದ ಹೆಸರು ಯಾರ ಬಾಯಲ್ಲಿ ನಿಂತೀತು! 1999ರಲ್ಲಿ ಕಂಪನಿಯೇ ‘ಟ್ಯಾಲಿ ಸಲ್ಯೂಷನ್ಸ್’ ಆಯಿತು.

ಆಗಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದೊಂದು ಸಂಕೇತ ಸಂಖ್ಯೆ ಕೊಡುವ ಪದ್ಧತಿಯಿತ್ತು. ಗುಮಾಸ್ತ ಆ ಸಂಖ್ಯೆಗಳನ್ನು ನೆನಪಿಡಬೇಕು, ಇಲ್ಲವೇ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂರಬೇಕು. ಟ್ಯಾಲಿ ಈ ಗೋಜನ್ನೇ ತೆಗೆದುಹಾಕಿ ಖಾತೆಯನ್ನು ಅದರ ಹೆಸರಿನಿಂದಲೇ ಗುರುತಿಸಿತು. ಕಿರ್ದಿ, ಲೆಡ್ಜರ್ ಬರೆದು ಕೈ ಪಳಗಿದವರಿಗೆ ಪರದೆಯ ಮೇಲೂ ಪರಿಚಿತ ಹೆಸರುಗಳೇ ಕಂಡವು. ಇಂಥ ಅಗತ್ಯವನ್ನು ಅರಿಯಲು ಮಾರುಕಟ್ಟೆ ಸಮೀಕ್ಷೆ ನಡೆಸಬೇಕಾಗಿರಲಿಲ್ಲ. ಮೊದಲ ಗ್ರಾಹಕರು ಮನೆಯಲ್ಲೇ ಇದ್ದರು.

ಮಗನೋ ಮಗಳೋ ಸ್ವಂತ ಸಾಫ್ಟ್‌ವೇರ್ ಕಂಪನಿ ತೆರೆಯುತ್ತೇನೆಂದರೆ ತಂದೆತಾಯಿ ಕೇಳುವ ಮೊದಲ ಪ್ರಶ್ನೆ: ‘ದುಡ್ಡು ಎಲ್ಲಿಂದ ತರ್ತೀಯ?’ ಪತ್ರಿಕೆಗಳಲ್ಲಿ ದಿನವೂ ಕಾಣುವ ಉತ್ತರ ವೆಂಚರ್ ಕ್ಯಾಪಿಟಲ್. ಅದು ಸಾಲವಲ್ಲ, ಕಂಪನಿಯಲ್ಲಿ ಪಾಲು ಪಡೆದು ಕೊಡುವ ಹಣ. ಹತ್ತು ಕಡೆ ಹೂಡಿ ಹಲವೆಡೆ ಕಳೆದುಕೊಳ್ಳುವವರು ಉಳಿದ ಒಂದೆರಡರಿಂದ ಹಲವು ಪಟ್ಟು ಲಾಭ ನಿರೀಕ್ಷಿಸುವುದು ಸಹಜವೇ. ಹಾಗಾಗಿ ಇಪ್ಪತ್ತು ಮಂದಿಗೆ ತಪ್ಪದೆ ಸಂಬಳ ಕೊಟ್ಟು ಅಚ್ಚುಕಟ್ಟಾಗಿ ನಡೆಯುವ ಸಣ್ಣ ಕಂಪನಿ ಅವರ ಕಣ್ಣಿಗೆ ಸೋತಂತೆಯೇ. ಸ್ವಂತ ಹಣದಲ್ಲಿ ನಡೆಸುವವರ ಲೆಕ್ಕವೇ ಬೇರೆ. ತಿಂಗಳಿಗೆ 1,000 ರೂಪಾಯಿ ಕೊಡುವ 200 ಅಂಗಡಿಗಳು ಸಿಕ್ಕರೆ 2 ಲಕ್ಷ ರೂಪಾಯಿ ಬಂತು. ತೆರಿಗೆ, ಬಾಡಿಗೆ, ಒಂದಿಬ್ಬರ ಸಂಬಳ ಕಳೆದೂ ಸಂಸಾರ ನಡೆದೀತು. ಆ 200 ಅಂಗಡಿಗಳ ಮೆಟ್ಟಿಲು ಹತ್ತಿಳಿಯುವುದೇ ಕಷ್ಟದ ಕೆಲಸ!

ಇನ್ನೊಂದು ಕಾಟ ನಕಲು ಪ್ರತಿಗಳದು. ಹೆಸರು ಹರಡಿದಷ್ಟೂ ಟ್ಯಾಲಿಯ ಕದ್ದ ಪ್ರತಿಗಳೂ ಹರಡಿದವು. ತಂತ್ರಾಂಶ ಮಾರಿಯೇ ಬದುಕುವವರಿಗೆ ಪ್ರತಿ ನಕಲೂ ನೇರ ನಷ್ಟ. ಮೇಲಾಗಿ, ಬರೆದು ಮುಗಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಬಂತು, ದೇಶದಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಒಂದೊಂದು ಸಲವೂ ಬಿಲ್ಲಿನ ನಮೂನೆಯಿಂದ ತೆರಿಗೆ ವಿವರಪಟ್ಟಿಯವರೆಗೆ ಎಲ್ಲವನ್ನೂ ಬದಲಿಸಬೇಕಾಯಿತು. ವ್ಯಾಪಾರಿಗಳು ತಂತ್ರಾಂಶಕ್ಕೆ ಮತ್ತೆ ಮತ್ತೆ ಹಣ ತೆರುವುದೂ ಇದೇ ಕಾರಣಕ್ಕೆ.

ಭರತ್ ಅವರ ತಂದೆಗೆ ನಡೆಯುತ್ತಿದ್ದ ವ್ಯಾಪಾರವಿತ್ತು ಎಂಬುದನ್ನು ಮರೆಯುವಂತಿಲ್ಲ. ಆ ಆಸರೆ ಇಲ್ಲದವರು ಒಂದು ಕೆಲಸದ ಗಳಿಕೆಯಿಂದ ಇನ್ನೊಂದನ್ನು ಸಾಕಬೇಕಾಗುತ್ತದೆ. 1996ರಲ್ಲಿ ‘ಅಡ್ವೆಂಟ್‌ನೆಟ್’ ಎಂದು ಆರಂಭವಾದ ಇಂದಿನ ಜೋಹೊ ಮಾಡಿದ್ದು ಹಾಗೆಯೇ. ಜಾಲ ನಿರ್ವಹಣೆಯ ತಂತ್ರಾಂಶ ಮಾರಿ ಬಂದ ಲಾಭವನ್ನು ಅದು ಹೊಸ ಉತ್ಪನ್ನಗಳಿಗೆ ಸುರಿಯಿತು. ಹನ್ನೆರಡನೇ ತರಗತಿ ಮುಗಿಸಿದವರನ್ನು ಕರೆದು, ಭತ್ಯೆ ಕೊಟ್ಟು, ಕೆಲಸ ಕಲಿಸುವ ಶಾಲೆಯನ್ನೂ ತೆರೆಯಿತು. ಕಾಲೇಜು ಶುಲ್ಕಕ್ಕೆ ಪರದಾಡುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅದೇ ವರ್ಷ ತಂತ್ರಾಂಶವೂ ‘ಟ್ಯಾಲಿಪ್ರೈಮ್’ ಎಂಬ ಹೊಸ ಹೆಸರು ಪಡೆಯಿತು. ಅಂಗಡಿಗಳಲ್ಲಿ ಮಾತ್ರ ಈಗಲೂ ಅದು ಬರೀ ಟ್ಯಾಲಿ.