ಬಾಗಿದ ಕತ್ತಿಗೆ ಶಸ್ತ್ರಚಿಕಿತ್ಸೆ ಕೊಡುವುದೇನು?

ನಮಾಝಿನ ಕೊನೆಯಲ್ಲಿ ಸಲಾಮ್ ಹೇಳುತ್ತಾ ಬಲಕ್ಕೂ ಎಡಕ್ಕೂ ಮುಖ ತಿರುಗಿಸುತ್ತೀರಲ್ಲ, ಆ ಒಂದು ಚಲನೆಗಾಗಿ ಕುತ್ತಿಗೆಯ 7 ಎಲುಬುಗಳು ದುಡಿಯುತ್ತವೆಂದು ಎಂದಾದರೂ ಯೋಚಿಸಿದ್ದೀರಾ? ಸುಮಾರು 5 ಕಿಲೋ ಭಾರದ ತಲೆಯನ್ನು ಹೊರುವುದೂ ಬೆನ್ನುಹುರಿಯನ್ನು ಕಾಯುವುದೂ ಅವೇ. ಅಲ್ಲಾಹನ ಈ ಅನುಗ್ರಹದ ಬೆಲೆ ಆರೋಗ್ಯವಿರುವಾಗ ನಮಗೆ ತಿಳಿಯುವುದಿಲ್ಲ.

ಕೆಲವರ ಕುತ್ತಿಗೆ ವರ್ಷಗಳು ಕಳೆದಂತೆ ಮುಂದಕ್ಕೆ ಬಾಗಿ, ಗಲ್ಲ ಎದೆಗೆ ತಾಗುವಂತಾಗುತ್ತದೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತರೋಗ ಇದಕ್ಕೆ ಒಂದು ಮುಖ್ಯ ಕಾರಣ. ಇದರಲ್ಲಿ ಬೆನ್ನೆಲುಬಿನ ಕೀಲುಗಳು ಉರಿಯೂತದಿಂದ ಕ್ರಮೇಣ ಬೆಸೆದುಕೊಳ್ಳುತ್ತವೆ. ಬಾಗಿದ ಸ್ಥಿತಿಯಲ್ಲೇ ಬೆಸೆದರೆ ರೋಗಿಗೆ ಕಾಣುವುದು ನೆಲ ಮಾತ್ರ. ಎದುರಿಗೆ ನಿಂತವರ ಮುಖ ಕಾಣದು, ರಸ್ತೆ ದಾಟಲಾಗದು, ಅನ್ನ ನುಂಗುವುದೂ ಕಷ್ಟ.

ಇಂತಹ ಕತ್ತನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ 1958ರಲ್ಲಿ ಅಮೆರಿಕದ ಡಾ. ಮಾರ್ಷಲ್ ಯೂರಿಸ್ಟ್ ವರದಿ ಮಾಡಿದರು. ಆಗೆಲ್ಲಾ ರೋಗಿಯನ್ನು ಕುಳ್ಳಿರಿಸಿ, ಕತ್ತಿನ ಭಾಗವನ್ನಷ್ಟೇ ಮರಗಟ್ಟಿಸಿ, ಎಚ್ಚರವಿರುವಾಗಲೇ ಇದನ್ನು ಮಾಡುತ್ತಿದ್ದರು. ಕೈಕಾಲು ಆಡಿಸಲು ಹೇಳಿ ನರಗಳ ಸ್ಥಿತಿ ತಿಳಿಯುತ್ತಿದ್ದರು. ಇಂದು ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ, ನರಗಳನ್ನು ಯಂತ್ರ ಗಮನಿಸುತ್ತದೆ. ಕುತ್ತಿಗೆ ಬೆನ್ನನ್ನು ಸೇರುವಲ್ಲಿ ಎಲುಬಿನ ಭಾಗವನ್ನು ತೆಗೆದು, ತಲೆಯನ್ನು ಮೆಲ್ಲನೆ ಎತ್ತಿ, ಲೋಹದ ಸ್ಕ್ರೂ ಮತ್ತು ಸರಳುಗಳಿಂದ ಬಿಗಿಯುತ್ತಾರೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಸಾಮಾನ್ಯವಾಗಿ 6ನೆಯ ಎಲುಬಿನಿಂದ ಮೇಲಕ್ಕೆ ಎಲುಬಿನ ರಂಧ್ರಗಳಲ್ಲೇ ಸಾಗುವುದರಿಂದ, ಅದಕ್ಕಿಂತ ಕೆಳಗಿನ ಜಾಗವನ್ನು ಆರಿಸುತ್ತಾರೆ.

ಒಂದು ಮಾತು ನೆನಪಿಡಿ. ಈ ಚಿಕಿತ್ಸೆ ಕತ್ತಿನ ಚಲನೆಯನ್ನು ಮರಳಿಸುವುದಿಲ್ಲ, ನೋಟವನ್ನು ಮರಳಿಸುತ್ತದೆ. ತಲೆಯನ್ನು ಹೆಚ್ಚು ಎತ್ತಿದರೆ ಊಟದ ತಟ್ಟೆ, ಮೆಟ್ಟಿಲುಗಳು ಕಾಣವು. ಆದ್ದರಿಂದ ನಿಮ್ಮ ದುಡಿಮೆ, ದಿನಚರಿಗಳನ್ನು ವೈದ್ಯರಿಗೆ ಮೊದಲೇ ವಿವರಿಸಿ. ಕೈ ಬಲಹೀನವಾಗುವ, ಪಾರ್ಶ್ವವಾಯು ಬಡಿಯುವ, ಪ್ರಾಣಕ್ಕೇ ಕುತ್ತು ಬರುವ ಸಾಧ್ಯತೆಗಳನ್ನೂ ಕೇಳಿ ತಿಳಿಯಿರಿ. ಇದು ಕೊನೆಯ ಬಾಗಿಲು.

ಮೊದಲ ಬಾಗಿಲು ನಿಮ್ಮ ಮನೆಯಲ್ಲೇ ಇದೆ. ಹರೆಯದ ಮಗನೋ ಮಗಳೋ ಫಜ್ರ್‌ಗೆ ಏಳುವಾಗ ಬೆನ್ನು ಮರಗಟ್ಟಿದೆ ಎನ್ನುತ್ತಾರೆ, ನಡೆದಾಡಿದ ಮೇಲೆ ಹಗುರವಾಗುತ್ತದೆ, ಇದು 3 ತಿಂಗಳು ಕಳೆದರೂ ಬಿಡದು ಎಂದಾದರೆ, ಸೋಮಾರಿತನವೆಂದು ಗದರಬೇಡಿ. ವಾತರೋಗ ತಜ್ಞರಿಗೆ ತೋರಿಸಿ. ಸಕಾಲದ ಔಷಧಿ, ವ್ಯಾಯಾಮಗಳಿಂದ ಹೆಚ್ಚಿನವರು ಕತ್ತು ಬಾಗುವ ಹಂತಕ್ಕೆ ತಲುಪುವುದಿಲ್ಲ. ಸೆಲೂನಿನಲ್ಲಿ ಕತ್ತು ತಿರುಗಿಸಿ 'ಲಟಕ್' ಎನಿಸುವುದಂತೂ ಬೇಡವೇ ಬೇಡ. ಬೆಸೆದ ಎಲುಬು ಸಣ್ಣ ಪೆಟ್ಟಿಗೂ ಮುರಿಯುತ್ತದೆ.

ಸುಜೂದ್ ಮಾಡಲಾಗದೆಂದು ಕೊರಗುವವರಿಗೂ ಸಮಾಧಾನವಿದೆ. ಕಾಯಿಲೆಯಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ)ರು ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಅನುಮತಿಸಿದ್ದರು. ಸಾಧ್ಯವಾಗದವರಿಗೆ ಸನ್ನೆಯ ಸುಜೂದ್ ಸಾಕು.

ಕತ್ತು ಬಾಗಿದ ಹಿರಿಯರು ನಿಮ್ಮ ಮಸೀದಿಯಲ್ಲಿದ್ದರೆ, ಅವರ ಕಣ್ಣಿಗೆ ನಿಮ್ಮ ಮುಖ ಕಾಣುವಷ್ಟು ತಗ್ಗಿ ಸಲಾಮ್ ಹೇಳಿ. ಅವರು ತಲೆಯೆತ್ತಲಾರರು, ನೀವು ಬಾಗಬಲ್ಲಿರಿ.