ಆಪತ್ಕಾಲದ ನೀರು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು? 1993ರ ಸೆಪ್ಟೆಂಬರ್ 30ರಂದು ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯನ್ನು ಭೂಕಂಪವು ನೆಲಸಮ ಮಾಡಿತು. ಅಂಥ ಆಪತ್ತು ನನ್ನ ಊರಾದ ಸಾಯಗಾಂವಕ್ಕೆ ಬಂದರೆ, ಇಲ್ಲವೆ ಮಾಂಜ್ರಾ ಉಕ್ಕಿ ದಾರಿ ಕಡಿದರೆ, ಕುಡಿಯುವ ನೀರಿನ ಗತಿಯೇನು?

ಮೊದಲು ಲೆಕ್ಕ ಬೇಕು. ಆಪತ್ತಿನಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂಬುದು ಪರಿಹಾರಕಾರ್ಯದ ಅಂತರರಾಷ್ಟ್ರೀಯ ಮಾನದಂಡ. ಸಾವಿರ ಜನರಿಗೆ 15,000 ಲೀಟರ್. ಎಂದರೆ 5,000 ಲೀಟರಿನ ಟ್ಯಾಂಕರು ಮೂರು ಸಲ ಬರಬೇಕು. ದಾರಿಯಿಲ್ಲದಿದ್ದರೆ ಟ್ಯಾಂಕರಿಲ್ಲ, ವಿದ್ಯುತ್ತಿಲ್ಲದಿದ್ದರೆ ಕೊಳವೆಬಾವಿಯ ಪಂಪೂ ಇಲ್ಲ. ಆಗ ಕೈಹಿಡಿಯುವುದು ಸೇದುವ ಬಾವಿಯೇ.

ನಮ್ಮ ಓಣಿಯ ದುಂಡು ಬಾವಿಯ ಅಗಲ 3 ಮೀಟರ್. ಅದರಲ್ಲಿ 2 ಮೀಟರ್ ನೀರು ನಿಂತರೆ ಸುಮಾರು 14,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ 35 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಬಾವಿಗೆ ಬೆರೆಸಿ, ಒಂದು ಗಂಟೆ ಕಾಯಬೇಕು. ಪ್ರವಾಹದ ರಾಡಿ ಹೊಕ್ಕಿದ್ದರೆ ಮೊದಲು ಅದನ್ನು ಎತ್ತಿ ಹೊರಚೆಲ್ಲಬೇಕು.

ಆದರೆ ಆ ಬಾವಿ ಇಂದು ಕಸದ ಗುಂಡಿ. ನಳ ಬಂದ ಮೇಲೆ ಕಸ ಸುರಿದವರು ನಾವೇ. ಮಿತ್ರರೇ, ಬರುವ ರಜೆಯಲ್ಲಿ ಊರಿಗೊಂದು ಬಾವಿಯ ಹೂಳನ್ನಾದರೂ ಎತ್ತೋಣ.