ಹೃದಯದ ಕೋಶದೊಳಗೂ ಒಂದು ಗಡಿ ತಕರಾರು

'ಬ್ಲಾಕ್ ತೆಗೆಸಿದ್ದಾಯ್ತು, ಸ್ಟೆಂಟೂ ಹಾಕಿದ್ರು. ಆದ್ರೂ ಪಂಪಿಂಗ್ ಕಮ್ಮಿ ಅಂತಾರಲ್ಲ, ಯಾಕೆ?'

ಹೃದಯಾಘಾತವಾಗಿ ಮನೆಗೆ ಮರಳಿದವರ ಜಗಲಿಯಲ್ಲಿ ಈ ಮಾತು ಕೇಳದವರು ಕಡಿಮೆ. ಹಣೆಬರಹ ಅಂತ ಕೆಲವರು, ಡಾಕ್ಟರು ಸರಿ ಇಲ್ಲ ಅಂತ ಇನ್ನು ಕೆಲವರು. ಮುಖ್ಯ ಕಾರಣ ಮಾತ್ರ ತಡ. ರಕ್ತವಿಲ್ಲದ ಹೊತ್ತಿನಲ್ಲಿ ಸತ್ತ ಹೃದಯದ ಸ್ನಾಯು ಮತ್ತೆ ಚಿಗುರುವುದಿಲ್ಲ. ಆದರೆ ಇನ್ನೊಂದು ಕಾರಣವೂ ಉಂಟು, ಅದು ಸ್ವಲ್ಪ ವಿಚಿತ್ರವಾದದ್ದು. ಅಷ್ಟು ಹೊತ್ತು ಹೇಗೋ ತಡೆದುಕೊಂಡಿದ್ದ ಕೋಶಗಳಲ್ಲಿ ಒಂದಷ್ಟು, ನಾಳ ತೆರೆದು ರಕ್ತ ವಾಪಸು ಬಂದ ಮೊದಲ ಕೆಲವು ನಿಮಿಷಗಳಲ್ಲಿ ಸಾಯುತ್ತವೆ. ಬರಗಾಲ ತಡೆದುಕೊಂಡ ಪೈರು ಒಂದೇ ಸಲ ನುಗ್ಗಿದ ನೀರಿಗೆ ಹೋದ ಹಾಗೆ.

ಹೀಗೇಕೆ ಎಂದು ಹುಡುಕಿಕೊಂಡು ಹೋದ ವಿಜ್ಞಾನಿಗಳು ತಲುಪಿದ ಜಾಗಗಳಲ್ಲಿ ಒಂದು, ಕೋಶದ ಒಳಗಿನ ಗಡಿ.

ಹೈಸ್ಕೂಲಿನಲ್ಲಿ ಬರೆದ ಜೀವಕೋಶದ ಚಿತ್ರ ನೆನಪು ಮಾಡಿಕೊಳ್ಳಿ. ಅವರೆಕಾಳಿನಂತೆ ಅಲ್ಲಲ್ಲಿ ಬಿದ್ದಿರುವುದು ಮೈಟೋಕಾಂಡ್ರಿಯಾ. ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವ ಒಲೆ ಅದು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯಬೇಕಾದ ಹೃದಯದಲ್ಲಿ, ಸ್ನಾಯುಕೋಶದ ಮೂರನೇ ಒಂದು ಪಾಲನ್ನು ಈ ಒಲೆಗಳೇ ತುಂಬಿಕೊಂಡಿವೆ. ಪಕ್ಕದಲ್ಲಿ ಮಡಿಕೆ ಮಡಿಕೆಯಾಗಿ ಬರೆಯುತ್ತಿದ್ದದ್ದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ. ಬಾಯಿ ತಿರುಗುವುದು ಕಷ್ಟ, ಒಳಜಾಲ ಎಂದುಕೊಳ್ಳೋಣ. ಹೃದಯದಲ್ಲಿ ಇದು ಕ್ಯಾಲ್ಸಿಯಂ ಕೂಡಿಡುವ ಕೆರೆ. ಪ್ರತಿ ಬಡಿತಕ್ಕೂ ಕೆರೆಯ ತೂಬು ತೆರೆದು ಕ್ಯಾಲ್ಸಿಯಂ ಹರಿಯಬೇಕು, ಸ್ನಾಯು ಬಿಗಿಯಬೇಕು. ಆಮೇಲೆ ಅದೇ ಕ್ಯಾಲ್ಸಿಯಂ ಪಂಪಾಗಿ ಹಿಂದಕ್ಕೆ ಹೋಗಬೇಕು.

ಶಾಲೆಯ ಚಿತ್ರದಲ್ಲಿ ಈ ಎರಡಕ್ಕೂ ಸಂಬಂಧವೇ ಇರಲಿಲ್ಲ. ನಿಜದಲ್ಲಿ ಇವು ಅಕ್ಕಪಕ್ಕದ ಹೊಲ. ಹತ್ತಿರ ಬರುವ ಕಡೆ ನಡುವಿನ ಬದು 10ರಿಂದ 30 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರ್ ಎಂದರೆ ಎಷ್ಟು ಸಣ್ಣದೆಂದು ಲೆಕ್ಕ ಹಾಕಿ. ಎರಡೂ ಒಂದಾಗುವುದಿಲ್ಲ, ಪ್ರೋಟೀನಿನ ಕೊಂಡಿಗಳಿಂದ ಕೈ ಹಿಡಿದು ನಿಂತಿರುತ್ತವೆ. ಈ ಬದುವಿನ ಮೇಲೆ ಕೊಬ್ಬಿನಂಶಗಳ ವಿನಿಮಯ ನಡೆಯುತ್ತದೆ ಎಂದು 1990ರಲ್ಲಿ ತೋರಿಸಿದವರು ಕೆನಡಾದ ಜೀನ್ ವ್ಯಾನ್ಸ್. ಕ್ಯಾಲ್ಸಿಯಂ ದಾಟುವುದೂ ಇಲ್ಲಿಯೇ. ಬಡಿತ ಜೋರಾದಾಗ ಅದರಲ್ಲೊಂದು ಪಾಲು ಬದು ದಾಟಿ ಒಲೆಗೆ 'ಕೆಲಸ ಜಾಸ್ತಿ ಇದೆ, ಉರಿ ಹೆಚ್ಚು ಮಾಡು' ಅಂತ ಸುದ್ದಿ ಮುಟ್ಟಿಸುತ್ತದೆ.

ರಕ್ತ ನಿಂತಾಗ ಕ್ಯಾಲ್ಸಿಯಂ ಹಿಂದಕ್ಕೆ ಎಳೆಯುವ ಪಂಪು ಶಕ್ತಿಯಿಲ್ಲದೆ ಸೋಲುತ್ತದೆ, ಕೋಶದಲ್ಲಿ ಕ್ಯಾಲ್ಸಿಯಂ ತುಂಬುತ್ತದೆ. ರಕ್ತ ಮರಳಿದ ಕೂಡಲೇ ಅದು ಮೈಟೋಕಾಂಡ್ರಿಯಾಕ್ಕೆ ನುಗ್ಗುತ್ತದೆ. ಮಿತಿ ಮೀರಿದರೆ ಅದರ ಒಳಪೊರೆಯಲ್ಲಿ ಒಂದು ಕಂಡಿ ತೆರೆದುಕೊಂಡು, ಒಲೆ ಉಬ್ಬಿ ಒಡೆಯುತ್ತದೆ, ಕೋಶ ಸಾಯುತ್ತದೆ. ಫ್ರಾನ್ಸಿನ ಲಿಯಾನ್ ನಗರದ ತಂಡವೊಂದು 2013ರಲ್ಲಿ ಪ್ರಯೋಗಾಲಯದ ಹೃದಯಕೋಶಗಳಲ್ಲಿ ಬದುವಿನ ಕೊಂಡಿಗಳನ್ನು ಸಡಿಲ ಮಾಡಿ ನೋಡಿತು. ರಕ್ತ ಮರಳುವಂಥ ಸ್ಥಿತಿಯಲ್ಲಿ ಸಾಯುವ ಕೋಶಗಳು ಕಡಿಮೆಯಾದವು.

ಹಾಗಾದರೆ ಸಂಪರ್ಕ ಕಡಿದುಬಿಟ್ಟರೆ ಒಳ್ಳೆಯದೇ? ಅಲ್ಲ. ಅದೇ ಲಿಯಾನಿನವರು ಕೊಬ್ಬು, ಸಕ್ಕರೆ ಹೆಚ್ಚಾದ ಆಹಾರ ತಿನ್ನಿಸಿ ಸಕ್ಕರೆ ಕಾಯಿಲೆ ಬರಿಸಿದ ಇಲಿಗಳನ್ನು ಪರೀಕ್ಷಿಸಿ 2020ರಲ್ಲಿ ಉಲ್ಟಾ ಫಲಿತಾಂಶ ಹೇಳಿದರು. ಅಲ್ಲಿ ಬದು ದಾಟುವ ಕ್ಯಾಲ್ಸಿಯಂ ಕಡಿಮೆಯಾಗಿ ಹೃದಯ ಸೊರಗಿತ್ತು. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ತಂಡವೊಂದಕ್ಕೆ ಸಕ್ಕರೆ ಇಲಿಗಳ ಹೃದಯದಲ್ಲಿ ಸಂಪರ್ಕ ಅತಿಯಾಗಿಯೇ ಕಂಡಿತ್ತು. ಯಾವ ಇಲಿ, ಕಾಯಿಲೆಯ ಯಾವ ಹಂತ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೋ ಏನೋ.

ಕೊಂಡಿಯ ಬಗ್ಗೆಯೇ ಪಂಡಿತರಲ್ಲಿ ಜಗಳ ಉಂಟು. ಮೈಟೋಫ್ಯೂಸಿನ್-2 ಎಂಬ ಪ್ರೋಟೀನು ಎರಡನ್ನೂ ಹತ್ತಿರ ಹಿಡಿದಿಡುತ್ತದೆ ಎಂದು 2008ರಲ್ಲಿ ಹೇಳಿದ್ದು ಇಟಲಿಯ ಪಾದುವಾ ಊರಿನ ಲೂಕಾ ಸ್ಕೊರಾನೊ ಅವರ ತಂಡ. ಇಲ್ಲ, ಅದು ದೂರ ಇಡುತ್ತದೆ ಎಂದು 2015ರಲ್ಲಿ ವಾದಿಸಿದ ತಂಡವೂ ಅದೇ ಪಾದುವಾದ್ದು! ಮುಂದಿನ ವರ್ಷ ಮೊದಲಿನವರು ಉತ್ತರ ಕೊಟ್ಟರು.

ರಕ್ತನಾಳದ ಕಥೆಗೂ ಈ ಪ್ರೋಟೀನು ಬರುತ್ತದೆ. ನಾಳದ ಗೋಡೆಯ ಸ್ನಾಯುಕೋಶಗಳು ಬೇಕಾಬಿಟ್ಟಿ ಬೆಳೆದರೆ ದಾರಿ ಕಿರಿದಾಗುತ್ತದೆ, ಬಲೂನು ಹಾಕಿ ತೆರೆದ ನಾಳ ಮತ್ತೆ ಕಟ್ಟುವುದೂ ಹೀಗೆಯೇ. ಮೈಟೋಫ್ಯೂಸಿನ್-2 ಹೆಚ್ಚಿಸಿದರೆ ಇಲಿಯ ನಾಳದಲ್ಲಿ ಈ ಬೆಳವಣಿಗೆ ತಗ್ಗುತ್ತದೆ ಎಂದು ಚೀನಾದ ಸಂಶೋಧಕರು 2004ರಲ್ಲೇ ತೋರಿಸಿದ್ದರು. ಅದಕ್ಕೆ ಬೇರೆ ಕೆಲಸಗಳೂ ಇರುವುದರಿಂದ ಪೂರ್ತಿ ಕೀರ್ತಿ ಬದುವಿಗೇ ಸಲ್ಲುವುದಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಮಾತ್ರೆ ಎಲ್ಲಿ ಎಂದು ಕೇಳುವುದು ನ್ಯಾಯವೇ. ಮೂತ್ರಪಿಂಡ ಬದಲಾಯಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೊರಿನ್, ಮೈಟೋಕಾಂಡ್ರಿಯಾದ ಆ ಕಂಡಿ ತೆರೆಯದಂತೆ ತಡೆಯುತ್ತದೆ. ಫ್ರಾನ್ಸಿನ ವೈದ್ಯರು 2008ರಲ್ಲಿ 58 ರೋಗಿಗಳಿಗೆ ನಾಳ ತೆರೆಯುವ ಹೊತ್ತಿನಲ್ಲಿ ಈ ಪ್ರಯೋಗ ಮಾಡಿದಾಗ, ಔಷಧಿ ಪಡೆದವರಲ್ಲಿ ಸ್ನಾಯು ನಷ್ಟ ಕಡಿಮೆ ಎಂಬ ಸೂಚನೆ ಸಿಕ್ಕಿತು. ಬಹಳ ಆಸೆ ಹುಟ್ಟಿತು. 970 ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂದಾಗ ಲಾಭ ಏನೂ ಕಾಣಲಿಲ್ಲ. ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಲೇಬೇಕೆಂಬ ಕಾಯಿದೆ ಇಲ್ಲವಲ್ಲ.

ಹೀಗಾಗಿ ಇವತ್ತಿಗೂ ಕೈಯಲ್ಲಿರುವ ದೊಡ್ಡ ಮದ್ದು ಹೊತ್ತು ಕಳೆಯದಿರುವುದು. ಗಡಿಯವರಿಗೆ ಇದೂ ಸುಲಭವಲ್ಲ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ ಕೊನೆಗೆ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಈಚೆ ಬರಲಾಗದೆ ಉಳಿದರು, ಪ್ರಾಣ ಬಿಟ್ಟವರೂ ಇದ್ದರು. ಸಂಗತಿ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಎದೆ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಿದು ಬೆವರಿದರೆ, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗುವ ರೂಢಿ ಎಲ್ಲ ಕಡೆ ಇದೆ. ಸಕ್ಕರೆ ಕಾಯಿಲೆಯವರಿಗೆ ನೋವೇ ಗೊತ್ತಾಗದೆ ಬರೀ ಏದುಸಿರು, ಸುಸ್ತು ಕಾಣಿಸುವುದೂ ಉಂಟು. ಬಲೂನು ಹಾಕುವ ದೊಡ್ಡ ಆಸ್ಪತ್ರೆ 2 ಗಂಟೆಯೊಳಗೆ ಕೈಗೆಟುಕುವಂತಿಲ್ಲದಿದ್ದರೆ, ಹತ್ತಿರದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರೋಗಿಗೆ ಆಗಿಬರುವುದಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಬೇಕೆಂಬುದು ಈಗಿನ ವೈದ್ಯಕೀಯ ಕ್ರಮ. ಆ ಇಂಜೆಕ್ಷನ್ ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಬಹುದು.